ಗುಡ್ಡ ಕಡಿದವನ ಅತಿಥಿಗಳು

"ನಿಸರ್ಗದ ಮಡಿಲಲ್ಲಿ" ಎಂಬ ಮಾತು ಕಿವಿಗೆ ಬಿದ್ದರೆ ನಾನು ಈಗಲೂ ಅಲ್ಲಿಂದ ಎದ್ದು ಹೋಗುತ್ತೇನೆ. ನಾನು ಹೋದ ಒಂದೊಂದು ಚಿತ್ರಕಲಾ ಶಿಬಿರದ ಬ್ಯಾನರಿನ ಮೇಲೂ ಆ ಮಾತು ಇದ್ದೇ ಇತ್ತು. ಬ್ಯಾನರ್ ಕಟ್ಟಲು ಹಗ್ಗ ಸಿಗಲಿಲ್ಲವೆಂದು ಹಸಿ ಬೇವಿನ ಮರಕ್ಕೆ ಗೇಣುದ್ದದ ಮೊಳೆ ಹೊಡೆದು, ಅದರ ಕೆಳಗೆ ನಿಂತು ನಿಸರ್ಗದ ಬಗ್ಗೆ ಭಾಷಣ ಮಾಡಿದವರನ್ನು ಕಣ್ಣಾರೆ ಕಂಡಿದ್ದೇನೆ.

ನಾನು ಹುಟ್ಟಿದ್ದು ಹರಪನಹಳ್ಳಿಯಲ್ಲಿ, ಚಿತ್ರ ಕಲಿತದ್ದು ದಾವಣಗೆರೆಯಲ್ಲಿ, ಮದುವೆಯಾಗಿ ಬಂದದ್ದು ಕೊಟ್ಟೂರಿಗೆ. ಗಂಡನ ಮನೆಯವರದು ಶೇಂಗಾ ವ್ಯಾಪಾರ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಭಾನುವಾರ ಬಂದರೆ ಗಂಡನ ಸ್ಕೂಟರಿನ ಹಿಂದೆ ಕುಳಿತು, ಮಡಿಲಲ್ಲಿ ಕ್ಯಾನ್‌ವಾಸ್ ಇಟ್ಟುಕೊಂಡು, ಕೂಡ್ಲಿಗಿ ಕಡೆಯ ಕಲ್ಲುಗುಡ್ಡಗಳಿಗೆ ಹೋಗುತ್ತಿದ್ದೆ. ನಾನು ಬರೆಯುವಷ್ಟು ಹೊತ್ತೂ ಅವರು ಜಾಲಿ ನೆರಳಿನಲ್ಲಿ ಪೇಪರ್ ಓದುವರು. ಪೇಪರ್ ಮುಗಿದ ಮೇಲೆ ಅದನ್ನೇ ಮುಖಕ್ಕೆ ಹೊದ್ದು ಮಲಗುವರು. "ಇದ್ದ ಗುಡ್ಡಾನ ಮತ್ತ್ಯಾಕ ಬರಿತಿ? ಅದೇನು ಓಡಿ ಹೊಕ್ಕೈತಾ?" ಎಂದು ಒಮ್ಮೆ ಕೇಳಿದ್ದರು. ಉತ್ತರಕ್ಕಾಗಿ ಕೇಳಿದ್ದಲ್ಲ.

ನಮ್ಮ ಸೀಮೆಯನ್ನು ಯಾರೂ ಚಂದ ಎನ್ನುವುದಿಲ್ಲ. ಒಂದರ ಮೇಲೊಂದು ಪೇರಿಸಿಟ್ಟಂತಹ ಬಂಡೆ, ಅವುಗಳ ಸಂದಿನಲ್ಲಿ ಕುರುಚಲು, ಆಚೆ ಎರೆ ಹೊಲ, ಅಷ್ಟೇ. ಆದರೆ ಮಧ್ಯಾಹ್ನ ಇಳಿದ ಮೇಲೆ ಆ ಬಂಡೆಗಳು ಹಂಚಿನ ಮೇಲೆ ಕಂದಿದ ರೊಟ್ಟಿಯ ಬಣ್ಣಕ್ಕೆ ತಿರುಗುತ್ತವೆ. ನೆರಳು ನೀಲಿಯಾಗಿ, ಇನ್ನೂ ಸ್ವಲ್ಪ ಹೊತ್ತಿಗೆ ನೇರಳೆಯಾಗಿ, ಒಮ್ಮೆಲೇ ಆರಿಹೋಗುತ್ತದೆ. ಆ ಸ್ವಲ್ಪ ಹೊತ್ತನ್ನು ಹಿಡಿಯುವುದೇ ನನ್ನ ಕೆಲಸ ಎಂದು ನಾನು ತಿಳಿದಿದ್ದೆ. ಹೆಚ್ಚಿನ ಸಲ ಹಿಡಿಯಲು ಆಗುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವೆ ಹೂವಿನಹಡಗಲಿ ತಾಲೂಕಿನ ಹೊಳಲಿನಲ್ಲಿ ಒಂದು ಶಿಬಿರವಾಯಿತು. ಹೊರಗೆ ಬಯಲಿನಲ್ಲೇ ಕುಳಿತು ಚಿತ್ರ ಬರೆಯುವ ಶಿಬಿರ. ರಾಜ್ಯದ ಬೇರೆ ಬೇರೆ ಕಡೆಯ ಕಲಾವಿದರು ಬರುತ್ತಾರೆ, ಸ್ಥಳೀಯಳೆಂದು ನನಗೂ ಕರೆ ಬಂತು. ಹಿಗ್ಗಿದೆ. ನನ್ನಂತೆಯೇ ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿ ನಿಲ್ಲುವವರನ್ನು ಮೊದಲ ಸಲ ನೋಡುತ್ತೇನಲ್ಲ ಎಂದುಕೊಂಡೆ.

ಶಿಬಿರದ ನಿರ್ದೇಶಕರು ಬೆಂಗಳೂರಿನವರು. ಬಿಳಿ ಗಡ್ಡ, ಹೆಗಲಿಗೆ ಬಣ್ಣ ಮೆತ್ತಿದ ಜೋಳಿಗೆ. ಆ ಬಣ್ಣದ ಕಲೆಗಳು ಯಾವಾಗಲೂ ಒಂದೇ ಜಾಗದಲ್ಲಿದ್ದವು, ಜೋಳಿಗೆ ಮಾತ್ರ ತೊಳೆದು ಇಸ್ತ್ರಿ ಮಾಡಿದ್ದು. ಎಲ್ಲರೂ ಅವರನ್ನು 'ಗುರುಗಳು' ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತೇನೆ. ವ್ಯಾನಿನಿಂದ ಇಳಿದವರೇ ಸುತ್ತ ಒಮ್ಮೆ ನೋಡಿ, "ಇದೇನಮ್ಮಾ, ಇಲ್ಲಿ ಬರೆಯೋಕೆ ಏನಿದೆ?" ಎಂದರು. ಎದುರಿಗೆ ತುಂಗಭದ್ರೆ ಕೆಸರು ಬಣ್ಣದಲ್ಲಿ ಅಗಲವಾಗಿ ಹರಿಯುತ್ತಿದ್ದಳು. ದಂಡೆಯಲ್ಲಿ ಜಾಲಿ. ಬೆಳಗಿನ ಬೆಳಕು ನೀರಿನ ಮೇಲೆ ತಗಡಿನ ಹಾಗೆ ಬಿದ್ದಿತ್ತು.

ಗುರುಗಳು ಹೊಳೆಗೆ ಬೆನ್ನು ಹಾಕಿ ಕುಳಿತರು. ಬಿಸಿಲು ಮುಖಕ್ಕೆ ಹೊಡೆಯುತ್ತದಂತೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಅವರ ಚಿತ್ರ ಮುಗಿಯಿತು. ನೀಲಿ ಹೊಳೆ, ಎರಡೂ ದಡಕ್ಕೆ ಬಾಗಿದ ತೆಂಗಿನ ಮರ, ಗುಡಿಸಲು, ಗುಡಿಸಲ ಮುಂದೆ ಸೊಂಟದ ಮೇಲೆ ಕೊಡ ಇಟ್ಟುಕೊಂಡ ಹೆಂಗಸು. ಆ ಹೆಂಗಸಿನ ಸೊಂಟ ಮುರಿದಿರಬೇಕು, ಇಲ್ಲದಿದ್ದರೆ ಯಾರಿಗೂ ಹಾಗೆ ನಿಲ್ಲಲು ಬರುವುದಿಲ್ಲ. ಅವರ ಜೊತೆ ಬಂದಿದ್ದ ಶಿಷ್ಯರು "ಆಹಾ" ಎಂದರು. ಗುರುಗಳು ಕೈಕಟ್ಟಿ ನಿಂತು, "ನೋಡಿದ್ದನ್ನು ಬರೆಯೋದು ಫೋಟೋಗ್ರಾಫರ್ ಕೆಲಸ" ಎಂದರು. ಆ ಮನುಷ್ಯ ನೋಡಿದ್ದಾದರೂ ಏನನ್ನು ಎಂದು ಯಾರೂ ಕೇಳಲಿಲ್ಲ.

ನಂತರ ನನ್ನ ಚಿತ್ರದ ಮುಂದೆ ಬಂದರು. ಕೆಸರು ನೀರು, ಜಾಲಿ, ದಂಡೆಯ ಬಿರುಕು. ತಲೆ ಓರೆ ಮಾಡಿ, "ಕೈ ಚೆನ್ನಾಗಿದೆಯಮ್ಮಾ. ಆದರೆ ಇದರಲ್ಲಿ ಉಸಿರೇ ಇಲ್ಲ, ಒಣಕಲು. ಸ್ವಲ್ಪ ಹಸಿರು ಕೊಡಿ. ಜನಕ್ಕೆ ಬೇಕಾಗಿರೋದು ಅದು" ಎಂದರು.

ಊರಿನ ಜನ ಸುತ್ತ ಸೇರಿದ್ದರು. ಅವರಾದರೂ ನನ್ನ ಕಡೆ ಇರುತ್ತಾರೆ ಅಂದುಕೊಂಡಿದ್ದೆ. ದನ ಮೇಯಿಸಲು ಬಂದ ಒಬ್ಬ ಹೆಂಗಸು ಗುರುಗಳ ಚಿತ್ರದ ಮುಂದೆ ಗಲ್ಲಕ್ಕೆ ಕೈ ಹಚ್ಚಿ ನಿಂತುಬಿಟ್ಟಳು. "ಎಷ್ಟು ಚಂದ ಐತ್ರೀ ಯಪ್ಪಾ! ನಮ್ಮ ಊರು ಹಿಂಗ ಇರಬೇಕಾಗಿತ್ತು ನೋಡ್ರಿ" ಎಂದಳು. ನನ್ನದನ್ನು ತೋರಿಸಿ, "ಇದು ಹೆಂಗೈತಿ?" ಎಂದು ಕೇಳಿದೆ. ಅವಳು ಒಮ್ಮೆ ಚಿತ್ರ ನೋಡಿ, ಒಮ್ಮೆ ಹೊಳೆ ನೋಡಿ, "ಇದು ಇಲ್ಲೇ ಐತೆಲ್ರಿ ಅಕ್ಕಾರ" ಎಂದು ಎಮ್ಮೆ ಹೊಡೆದುಕೊಂಡು ಹೋದಳು. ನನ್ನ ಗಂಡ ಆಡಿದ ಮಾತನ್ನೇ ಅವಳೂ ಆಡಿದ್ದಳು. ಅವತ್ತು ಗುರುಗಳ ಮೇಲೆ ಹುಟ್ಟಿದ ತಾತ್ಸಾರ ಅವಳ ಮೇಲೂ ಸ್ವಲ್ಪ ಚೆಲ್ಲಿತು, ಸುಳ್ಳೇಕೆ ಹೇಳಲಿ.

ಆದರೂ ಮುಂದಿನ ಕರೆಗೂ ಹೋದೆ. ಬೇರೆ ದಾರಿ ಇರಲಿಲ್ಲ. ಕೊಟ್ಟೂರಿನಲ್ಲಿ ಬಣ್ಣದ ಬಗ್ಗೆ ಮಾತಾಡಲು ನನಗೆ ಸಿಗುತ್ತಿದ್ದವನು ಅಂಗಡಿಯ ಬೋರ್ಡು ಬರೆಯುವ ಪೇಂಟರ್ ಒಬ್ಬನೇ. ಅವನೂ ಮಾತು ಕಡಿಮೆ. ಎರಡನೆಯ ಶಿಬಿರ ಹಗರಿಬೊಮ್ಮನಹಳ್ಳಿ ತಾಲೂಕಿನ ತಂಬ್ರಹಳ್ಳಿ ಕಡೆ, ಡ್ಯಾಮಿನ ಹಿನ್ನೀರಿನ ದಂಡೆಯಲ್ಲಿ. ಅದೇ ಗುರುಗಳು, ಅದೇ ಜೋಳಿಗೆ. ಬ್ಯಾನರಿನಲ್ಲಿ ಅದೇ ಮಡಿಲು.

ಬೇಸಿಗೆ. ನೀರು ಹಿಂದೆ ಸರಿದು ಮೈಲಿಗಟ್ಟಲೆ ಮಣ್ಣು ಬಯಲಾಗಿತ್ತು. ಮೇಲೆ ಒಣಗಿ ಹಪ್ಪಳದಂತೆ ಬಿರಿದಿದ್ದರೂ ಅದರ ಕೆಳಗೆ ಕಾಲು ಹೂತುಹೋಗುವ ಹುದುಲು. ಅಲ್ಲಿಯ ಮೀನುಗಾರರು ಮೊದಲ ದಿನವೇ ಹೇಳಿದ್ದರು: "ಆ ಕಡಿ ಹೋಗಬ್ಯಾಡ್ರಿ, ಹುಗೀತೈತಿ." ಶಿಷ್ಯರೆಲ್ಲ ಪ್ರವಾಸಿ ಮಂದಿರದ ವರಾಂಡದಲ್ಲಿ ಫ್ಯಾನಿನ ಕೆಳಗೆ ಕುಳಿತು, ಹಳೆಯ ಕ್ಯಾಲೆಂಡರ್ ನೋಡಿಕೊಂಡು ಯಾವುದೋ ದೇಶದ ಹಿಮಬೆಟ್ಟ ಬರೆಯುತ್ತಿದ್ದರು. ಗುರುಗಳಿಗೆ ಮಾತ್ರ ಅವತ್ತು ಹೊರಗೆ ಹೋಗುವ ಹುಮ್ಮಸ್ಸು. ಪತ್ರಿಕೆಯ ಫೋಟೋಗ್ರಾಫರ್ ಬಂದಿದ್ದ. ನೀರಿನ ಅಂಚಿನಲ್ಲಿ ಕ್ಯಾನ್‌ವಾಸ್ ಇಡುವ ಈಸಲ್ ನಿಲ್ಲಿಸಿ, ದೂರಕ್ಕೆ ಬ್ರಷ್ ಚಾಚಿ ನಿಂತ ಹಾಗೆ ಚಿತ್ರ ತೆಗೆಯಬೇಕೆಂದು ಅವನಿಗೆ ಹೇಳಿದರು.

ನಾನು ದಂಡೆಯ ಮೇಲಿಂದಲೇ, "ಅಲ್ಲಿ ಬ್ಯಾಡ್ರಿ ಗುರುಗಳೇ, ಹುದುಲು ಐತಂತ" ಎಂದೆ. ಅವರು ತಿರುಗಿಯೂ ನೋಡದೆ, "ಪ್ರಕೃತಿಗೆ ಹೆದರಿದರೆ ಹೇಗಮ್ಮಾ?" ಎಂದು ನಡೆದರು. ಸ್ವಲ್ಪ ದೂರ ಹೋಗುತ್ತಲೇ ಒಂದು ಕಾಲು ಇಳಿಯಿತು. ಅದನ್ನು ಎತ್ತಲು ಇನ್ನೊಂದನ್ನು ಊರಿದರು, ಅದೂ ಇಳಿಯಿತು. ತೊಡೆಯವರೆಗೆ ಹೋದಾಗ ಈಸಲನ್ನು ಹಿಡಿದುಕೊಂಡರು, ಅದೂ ಅವರ ಜೊತೆಗೇ ಹೊರಟಿತು. ಫೋಟೋಗ್ರಾಫರ್ ಒಂದು ಚಿತ್ರ ತೆಗೆದ. "ತೆಗೀಬೇಡ್ವೋ ಮುಠ್ಠಾಳ!" ಎಂದು ಗುರುಗಳು ಕೂಗಿದರು. ಆ ಮನುಷ್ಯ ಮನಸ್ಸಿನಿಂದ ಆಡಿದ ಮಾತು ನಾನು ಕೇಳಿದ್ದು ಅದೊಂದೇ.

ಮೀನುಗಾರರು ಹಲಗೆ ಹಾಸಿ, ಕಂಕುಳಿಗೆ ಹಗ್ಗ ಹಾಕಿ ಎಳೆದರು. ನಾನೂ ಹಗ್ಗ ಹಿಡಿದೆ. "ಮೈ ಸಡ್ಲ ಬಿಡ್ರಿ ಅಜ್ಜಾರ, ಒದ್ಯಾಡಬ್ಯಾಡ್ರಿ" ಎಂದು ಅವರು, "ನಾನು ಅಜ್ಜ ಅಲ್ಲ" ಎಂದು ಇವರು. ಬೂಟುಗಳನ್ನು ಹಿನ್ನೀರು ಇಟ್ಟುಕೊಂಡಿತು. ಎದೆಯವರೆಗೆ ಕಪ್ಪು ಕೆಸರು ಮೆತ್ತಿ ದಂಡೆಗೆ ಬಂದವರು ಎಳೆದವರಿಗೆ ಒಂದು ಒಳ್ಳೆಯ ಮಾತು ಕೂಡ ಆಡದೆ ಬಚ್ಚಲಿಗೆ ಹೋದರು. ಸಮಾರೋಪದ ದಿನ ಮೈಕಿನ ಮುಂದೆ ನಿಂತು, "ಈ ಶಿಬಿರದಲ್ಲಿ ನಾನು ಮಣ್ಣಿನೊಂದಿಗೆ ಒಂದಾದೆ" ಎಂದರು. ಚಪ್ಪಾಳೆ ಬಿತ್ತು. ನಾನು ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ಹೊರಗೆ ಎದ್ದು ಹೋದೆ. ಹೊಟ್ಟೆನೋವು ಎಂದು ತಿಳಿದ ಯಾರೋ ಪುಣ್ಯಾತ್ಮರು ಓಮಿನಕಾಳು ತಂದುಕೊಟ್ಟರು.

ಮೂರನೆಯದು, ನನ್ನ ಪಾಲಿಗೆ ಕೊನೆಯದು, ಇದಾದ ಕೆಲವು ವರ್ಷಗಳಿಗೆ. ಅಷ್ಟರಲ್ಲಿ ನಮ್ಮ ಕಡೆ ಕಲ್ಲಿಗೆ ಬೆಲೆ ಬಂದಿತ್ತು. ಕೂಡ್ಲಿಗಿ ಸೀಮೆಯಲ್ಲಿ ಒಂದೊಂದೇ ಗುಡ್ಡಕ್ಕೆ ತಂತಿಬೇಲಿ ಬಿದ್ದು, ಕ್ರೇನುಗಳು ತಲೆ ಎತ್ತಿದವು. ಲಾರಿಯ ಮೇಲೆ ಒಂದೊಂದೇ ಚೌಕಾಕಾರದ ಬಂಡೆ ಹೇರಿಕೊಂಡು ಹೋಗುವುದು ದಿನಾ ಕಾಣುತ್ತಿತ್ತು. ನಾನು ಭಾನುವಾರಗಳಲ್ಲಿ ಬರೆಯುತ್ತಿದ್ದ ಗುಡ್ಡಗಳಲ್ಲಿ ಒಂದನ್ನು ಗುತ್ತಿಗೆ ಹಿಡಿದವನು ಅದೇ ಸೀಮೆಯ ಒಬ್ಬ ಧಣಿ. ಹಿಂದೆ ಟ್ರ್ಯಾಕ್ಟರ್ ಓಡಿಸುತ್ತಿದ್ದವನಂತೆ. ಅವನಿಗೆ ಯಾರು ಹೇಳಿಕೊಟ್ಟರೋ, ತನ್ನ ಕ್ವಾರಿಯ ಅತಿಥಿಗೃಹದಲ್ಲಿ ನಿಸರ್ಗಚಿತ್ರ ಶಿಬಿರ ಮಾಡಿಸಿದ. ನಿರ್ದೇಶಕರು ಯಾರೆಂದು ಬೇರೆ ಹೇಳಬೇಕಿಲ್ಲ.

ಹೋಗಬಾರದೆಂದುಕೊಂಡೆ. ಆದರೆ ಆ ಗುಡ್ಡದ ಪಶ್ಚಿಮದ ಮೈಯನ್ನು ನಾನು ಎಷ್ಟೋ ಸಲ ಬರೆದು ಸೋತಿದ್ದೆ. ಬೇಲಿ ಬಿದ್ದ ಮೇಲೆ ವಾಚ್‌ಮನ್ ಒಳಗೆ ಬಿಡುತ್ತಿರಲಿಲ್ಲ. ಈಗ ಒಳಗೆ ಹೋಗಲು ಬೇರೆ ನೆಪವಿರಲಿಲ್ಲ. ಜೊತೆಗೆ ಇನ್ನೊಂದು ಯೋಚನೆಯೂ ಇತ್ತು: ಅವರ ಅನ್ನ ಉಂಡು, ಅವರ ಅಂಗಳದಲ್ಲೇ, ಅವರು ಮಾಡಿದ್ದನ್ನು ಬರೆದು ಅವರಿಗೇ ತೋರಿಸಬೇಕು.

ಅಲ್ಲಿ ನೋಡಿದರೆ ಪಶ್ಚಿಮದ ಮೈ ಇರಲೇ ಇಲ್ಲ. ಅರ್ಧ ಗುಡ್ಡವನ್ನು ಬೆಣ್ಣೆ ಕೊಯ್ದ ಹಾಗೆ ನೆಟ್ಟಗೆ ಕೊಯ್ದಿದ್ದರು. ಕ್ವಾರಿಯವರು 'ಬೆಂಚು' ಎನ್ನುವ ಆ ಕೊಯ್ದ ಮುಖದ ಮೇಲೆ ಮೇಲಿಂದ ಕೆಳಗೆ ಡ್ರಿಲ್ಲಿನ ಗೆರೆ, ಬುಡದಲ್ಲಿ ಹಸಿರು ನೀರು ನಿಂತ ಗುಂಡಿ. ಗಾಳಿಯಲ್ಲಿ ಕಲ್ಲಿನ ಪುಡಿ. ಹಚ್ಚಿದ ಎಣ್ಣೆಬಣ್ಣ ಆರುವ ಮುಂಚೆ ಅದರ ಮೇಲೆ ಪುಡಿ ಕೂರುತ್ತಿತ್ತು, ಒರೆಸಿದರೆ ಬಣ್ಣವೂ ಬರುತ್ತಿತ್ತು. ಒರೆಸುವುದನ್ನು ಬಿಟ್ಟೆ. ಬಂಡೆ ಸಿಡಿಸುವ ಮೊದಲು ಸೈರನ್ ಊದಿದಾಗ ಎಲ್ಲರೂ ಎದ್ದು ಶೆಡ್ಡಿನೊಳಗೆ ಓಡಬೇಕು. ನೆಲ ಒಮ್ಮೆ ನಡುಗಿದ ಮೇಲೆ ಹೊರಗೆ ಬಂದು ಮತ್ತೆ ನಿಸರ್ಗ ಬರೆಯಬೇಕು. ಇದರಲ್ಲಿ ನಗುವಂಥದ್ದು ಇದೆ ಎಂದು ಒಬ್ಬರಿಗಾದರೂ ಅನಿಸಲಿಲ್ಲ. ಕೋಳಿ ಸಾರು ಚೆನ್ನಾಗಿದೆ ಎಂದು ಮಾತಾಡಿಕೊಳ್ಳುತ್ತಿದ್ದರು.

ಗುರುಗಳು ಕೊಯ್ದ ಗುಡ್ಡಕ್ಕೆ ಎದುರಾಗಿಯೇ ಕುಳಿತು, ಇಡೀ ಗುಡ್ಡ ಬರೆದರು. ತಲೆಯ ಮೇಲೆ ಮೋಡ, ಮೈತುಂಬ ಕಾಡು, ಬುಡದಲ್ಲಿ ಕೊಳ, ಕೊಳದಲ್ಲಿ ಬಾತುಕೋಳಿ. ಕೊಡದ ಹೆಂಗಸು ಹೊಳಲಿನಿಂದ ನಡೆದು ಇಲ್ಲಿಗೂ ಬಂದಿದ್ದಳು, ಸೊಂಟ ಇನ್ನೂ ವಾಸಿಯಾಗಿರಲಿಲ್ಲ.

ಕೊನೆಯ ದಿನ ಶಾಮಿಯಾನದ ಕೆಳಗೆ ಚಿತ್ರಗಳನ್ನು ಸಾಲಾಗಿ ಇಟ್ಟೆವು. ನನ್ನದರಲ್ಲಿ ಕೊಯ್ದ ಗುಡ್ಡ ಇದ್ದ ಹಾಗೇ ಇತ್ತು, ಅದನ್ನು ನೋಡಿದ ಗುರುಗಳ ಮುಖ ಬಿಗಿಯಿತು. ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ, "ಇದನ್ನ ತೆಗೆದು ಒಳಗಿಡಿ" ಎಂದರು.

"ಯಾಕ್ರಿ?"

"ಯಾಕೆ ಅಂತ ನಿಮಗೇ ಗೊತ್ತು. ಊಟ ಹಾಕಿದವರ ಮುಖಕ್ಕೆ ಹೊಡೆದ ಹಾಗಿದೆ. ಅವರು ಕಲೆಗೆ ಪ್ರೋತ್ಸಾಹ ಕೊಡ್ತಾ ಇದ್ದಾರೆ, ನೀವು ಹುಣ್ಣು ಬರೆದು ತೋರಿಸ್ತಾ ಇದ್ದೀರಿ."

"ಹುಣ್ಣು ಐತಲ್ರಿ ಅಲ್ಲಿ. ನೀವೂ ಅದರ ಮುಂದನ ಕುಂತಿದ್ರಿ."

"ಮುಂದಿನ ಶಿಬಿರಕ್ಕೆ ನಿಮ್ಮನ್ನ ಕರೆಯೋದು ಕಷ್ಟ ಆಗುತ್ತೆ."

"ಬ್ಯಾಡ್ರಿ" ಎಂದೆ. ಚಿತ್ರವನ್ನು ತೆಗೆಯದೆ ಅದರ ಪಕ್ಕದಲ್ಲೇ ನಿಂತೆ. ಧಣಿ ಬಂದು ಸಿಟ್ಟಾದರೆ ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಟ್ಟಿದ್ದೆ. ಈ ಗುಡ್ಡದ ನೆರಳು ಸಂಜೆ ಯಾವ ಬಣ್ಣಕ್ಕಿತ್ತು ಗೊತ್ತೇನ್ರಿ ನಿಮಗ, ಎಂದು ಶುರುಮಾಡುವುದೆಂದಿತ್ತು.

ಧಣಿ ಜೀಪಿನಿಂದ ಇಳಿದು ಬಂದ. ದಪ್ಪ ಮನುಷ್ಯ, ಬಿಳಿ ಅಂಗಿ, ಕಾಲರಿನೊಳಗೆ ಕರ್ಚೀಫು. ಸಾಲಿನ ಒಂದೊಂದು ಚಿತ್ರದ ಮುಂದೂ ನಿಂತು, "ಚಲೋ ಐತಿ, ಚಲೋ ಐತಿ" ಎನ್ನುತ್ತ ಮುಂದೆ ಸಾಗಿದ. ಗುರುಗಳ ಚಿತ್ರಕ್ಕೂ ಅದೇ ಮಾತು, ಅಷ್ಟೇ ಹೊತ್ತು. ನನ್ನದರ ಮುಂದೆ ಬಂದವನು ನಿಂತ. ಮೂಗು ಬಣ್ಣಕ್ಕೆ ತಾಗುವಷ್ಟು ಬಗ್ಗಿದ. ಹಿಂದಕ್ಕೆ ಸರಿದು ನೋಡಿದ.

"ಲೇ, ಬಾರಲೇ ಇಲ್ಲಿ!" ಎಂದು ತನ್ನ ಮೇಸ್ತ್ರಿಯನ್ನು ಕೂಗಿದ. ಮೇಸ್ತ್ರಿ ಓಡಿ ಬಂದ. "ನೋಡಲೇ, ನಮ್ಮ ಪಡುವಲ ಬೆಂಚು! ಗೆರಿ ಸೈತ ಹಂಗ ಅದಾವ. ಆ ಮ್ಯಾಲಿನ ಖಾಲಿ ಜಾಗದ ತುಂಡು ಹೋದ ವಾರ ಇಳಿಸಿದ್ದಲ್ಲೇನು?" ಆಮೇಲೆ ನನ್ನ ಕಡೆ ತಿರುಗಿದ. ಅವನ ಮುಖ ಹಬ್ಬದಂತಿತ್ತು. "ಎಂಥಾ ಚಿತ್ರ ತಗದೀರಿ ಅಕ್ಕಾರ! ಇಷ್ಟು ದೊಡ್ಡ ಕಲ್ಲಿನಾಗ ಒಂದು ಬಿರುಕು ಇಲ್ಲ, ಅದು ಹಂಗ ಬಂದೈತಿ ನೋಡ್ರಿ."

ನಾನು ಜೋಡಿಸಿಟ್ಟ ಮಾತುಗಳು ಎಲ್ಲಿಗೆ ಹೋದವೋ. "ನಾನು ಬರದಿದ್ದು ಗುಡ್ಡ ಕಡಿದಿದ್ದನ್ನ ರೀ" ಎಂದೆ.

"ಹೌದಲ್ರಿ! ಅದನ್ನ ಹೇಳಾಕತ್ತೀನಿ ನಾನೂ."

"ಗುಡ್ಡ ಹಾಳಾಗೈತಿ ಅಂತ ಬರದೀನಿ."

ಅವನಿಗೆ ನಾನು ಬೇರೆ ಯಾವುದೋ ಭಾಷೆಯಲ್ಲಿ ಮಾತಾಡಿದಂತೆ ಕೇಳಿಸಿರಬೇಕು. ನಕ್ಕು, "ಹಾಳು ಯಾಕಾಗತೈತ್ರಿ? ಈಗ ಅದಕ್ಕ ಬೆಲಿ ಬಂದೈತಿ. ಮೊದಲು ಅಲ್ಲಿ ಏನಿತ್ತು, ಮುಳ್ಳುಹಂದಿ" ಎಂದ. ಚಿತ್ರವನ್ನು ತನ್ನ ಆಫೀಸಿಗೆ ಒಯ್ಯಲು ಹೇಳಿದ. ಶಿಬಿರದ ಚಿತ್ರಗಳೆಲ್ಲ ಪ್ರಾಯೋಜಕರಿಗೇ ಸೇರಬೇಕೆಂದು ಮೊದಲೇ ಒಪ್ಪಿಕೊಂಡಿದ್ದೆವು, ಆದ್ದರಿಂದ ನಾನು ಕೊಡುವುದಿಲ್ಲ ಎನ್ನುವಂತೆಯೂ ಇರಲಿಲ್ಲ.

ಅಷ್ಟರಲ್ಲಿ ನನ್ನ ಹೆಗಲಿನ ಹಿಂದಿನಿಂದ ಗುರುಗಳ ದನಿ ಕೇಳಿತು. "ನಾನೇ ಹೇಳಿ ಬರೆಸಿದ್ದು ಸಾರ್. ಇದ್ದದ್ದನ್ನ ಇದ್ದ ಹಾಗೇ ಬರೀರಿ ಅಂತ ನಾನು ಯಾವಾಗಲೂ ಇವರಿಗೆ ಹೇಳ್ತಾ ಇರ್ತೀನಿ." ಧಣಿ ಅವರ ಕೈ ಕುಲುಕಿದ. ಗುರುಗಳು ನನ್ನ ಬೆನ್ನು ತಟ್ಟಿದರು. ತಟ್ಟಿದ ಜಾಗವನ್ನು ಮನೆಗೆ ಹೋಗಿ ತೊಳೆದುಕೊಂಡೆನೆಂದರೆ ಉತ್ಪ್ರೇಕ್ಷೆ ಅನಿಸಬಹುದು. ತೊಳೆದುಕೊಂಡೆ.

ಬೈಗುಳಕ್ಕೆ ತಯಾರಾಗಿ ನಿಂತವಳಿಗೆ ಹೊಗಳಿಕೆ ಬಿದ್ದರೆ ಅದು ಎಲ್ಲಿ ನೋಯಿಸುತ್ತದೆ ಎಂದು ಅವತ್ತು ಗೊತ್ತಾಯಿತು. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ಯೋಚಿಸಿದೆ. ಗುರುಗಳು ಗುಡ್ಡವನ್ನು ನೋಡಲೇ ಇಲ್ಲ. ಧಣಿ ಕಣ್ಣು ತುಂಬ ನೋಡಿದ, ನೋಡಿಯೂ ಅವನಿಗೆ ಕಂಡದ್ದು ಬಿರುಕಿಲ್ಲದ ಕಲ್ಲು. ಇಬ್ಬರಲ್ಲಿ ಯಾರನ್ನು ಹೆಚ್ಚು ಹೀನಾಯವಾಗಿ ಕಾಣಬೇಕೆಂದು ಕೊಟ್ಟೂರು ಬರುವವರೆಗೂ ತೀರ್ಮಾನವಾಗಲಿಲ್ಲ. ಇವತ್ತಿಗೂ ದಿನಕ್ಕೊಂದು ಥರ ಅನಿಸುತ್ತದೆ. ನನ್ನ ಕೈ ಅವನ ಕಲ್ಲನ್ನು ಅಷ್ಟು ಚಂದ ಮಾಡಿಬಿಟ್ಟಿತಲ್ಲ ಎಂಬುದು ಮಾತ್ರ ಬಹಳ ದಿನ ಚುಚ್ಚುತ್ತಿತ್ತು.

ಶಿಬಿರದ ನೆನಪಿಗೆಂದು ನಮಗೆಲ್ಲ ಒಂದೊಂದು ಪಾಲಿಶ್ ಮಾಡಿದ ಕಲ್ಲಿನ ಹಲಗೆ ಕೊಟ್ಟಿದ್ದರು. ಅದೇ ಗುಡ್ಡದ ಕಲ್ಲು. ಮೇಲೆ ನನ್ನ ಹೆಸರನ್ನು ತಪ್ಪಾಗಿ ಕೊರೆದಿದ್ದರು. ಎತ್ತಲಾರದೆ ಎತ್ತಿ ತಂದೆ. ಅತ್ತೆ ಅದನ್ನು ಹಿತ್ತಲಿನಲ್ಲಿ ಬಟ್ಟೆ ಒಗೆಯಲು ಹಾಕಿಕೊಂಡರು. ಒಂದೇ ದಿನಕ್ಕೆ, "ಸುಡುಗಾಡು ಕಲ್ಲು, ಬಟ್ಟಿ ನಿಲ್ಲಂಗಿಲ್ಲ, ಜಾರತೈತಿ" ಎಂದು ಎತ್ತಿ ಗೋಡೆಗೆ ಒರಗಿಸಿದರು. ನನ್ನ ಗಂಡ ಹೆಸರನ್ನು ಓದಿ, "ಯಾರಲೇ ಈ ಹೆಣ್ಮಗಳು?" ಎಂದು ನಕ್ಕರು. ನಾನು ನಗಲಿಲ್ಲ. ಅವರು ಕಲ್ಲಿನ ಮೇಲೆ ಕೈಯಾಡಿಸಿ, "ಆ ಗುಡ್ಡ ಅರ್ಧ ಹೋಗೈತಂತ?" ಎಂದು ಕೇಳಿದರು. ಹೂಂ ಎಂದೆ. "ಅಲ್ಲೇ ಅಲ್ಲೇನು ನಾನು ಮಕ್ಕೊಂತಿದ್ದೆ" ಎಂದು ಅಂಗಡಿಗೆ ಹೋದರು. ಮೂರು ಶಿಬಿರಗಳಲ್ಲಿ ಮಾಡಿದ ಭಾಷಣಗಳನ್ನೆಲ್ಲ ಸೇರಿಸಿದರೂ ಆ ಒಂದು ಮಾತಿನ ತೂಕ ಬರುವುದಿಲ್ಲ.

ಗುರುಗಳು ಮರುವರ್ಷ ಮತ್ತೆಲ್ಲೋ ಶಿಬಿರ ನಡೆಸಿದರೆಂದು ಕೇಳಿದೆ. ನನಗೆ ಕರೆ ಬರಲಿಲ್ಲ. ಕರೆದರೂ ಹೋಗಲಿಲ್ಲ ಎಂದು ಹೇಳಿಕೊಳ್ಳುವ ಸುಖವನ್ನು ಅವರು ನನಗೆ ಉಳಿಸಲಿಲ್ಲ.

ಆಮೇಲೆ ನಾನು ಒಬ್ಬಳೇ ಹೋಗತೊಡಗಿದೆ. ತವರಿಗೆ ಹೋದಾಗ ಹರಪನಹಳ್ಳಿಯಿಂದ ಚಿಗಟೇರಿ ಬಸ್ಸು ಹತ್ತಿ, ಎಲ್ಲಿ ಬೆಳಕು ಚೆನ್ನಾಗಿ ಕಂಡಿತೋ ಅಲ್ಲಿ ಇಳಿಯುವುದು. ಒಮ್ಮೆ ಮೆಕ್ಕೆಜೋಳದ ಹೊಲದ ಬದುವಿನಲ್ಲಿ ಈಸಲ್ ನಿಲ್ಲಿಸಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ. ಹೊಲದವನು ಕುಂಟೆ ಹೊಡೆಯುವುದನ್ನು ಬಿಟ್ಟು, ಅವಸರವಾಗಿ ಬಂದ. ಮೂರು ಕಾಲಿನ ಕಟ್ಟಿಗೆ ನೋಡಿ ಸರ್ವೆಯವಳೆಂದು ತಿಳಿದಿದ್ದ.

"ಏನ್ರಿ ಮೇಡಂ, ಕಾಲುವಿ ಬರ್ತೈತೇನ್ರಿ ಈ ಕಡಿ?"

"ಇಲ್ಲಪ್ಪ. ಚಿತ್ರ ಬರಿಯಾಕತ್ತೀನಿ."

"ಚಿತ್ರ?" ಎಂದ. ಬಗ್ಗಿ ನೋಡಿದ. ತನ್ನ ಹೊಲವನ್ನು ಕಂಡ. ಅವನ ಮುಖದ ಆಸೆಯೆಲ್ಲ ಇಳಿದು, ಅಲ್ಲಿ ಶುದ್ಧ ತಾತ್ಸಾರ ಮೂಡಿತು. ಅಷ್ಟು ಕಲಬೆರಕೆಯಿಲ್ಲದ ತಾತ್ಸಾರವನ್ನು ನಾನೂ ಯಾರ ಮೇಲೂ ತೋರಿಸಿರಲಾರೆ. "ಕೆಲಸಿಲ್ಲೇನ್ರಿ ನಿಮಗ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎತ್ತುಗಳ ಕಡೆ ಹೋದ. ಆಹಾ ಎನ್ನಲಿಲ್ಲ, ಬೆನ್ನು ತಟ್ಟಲಿಲ್ಲ. ಸಂಜೆಯವರೆಗೆ ಅವನು ತನ್ನ ಕೆಲಸ ಮಾಡಿದ, ನಾನು ನನ್ನದು ಮಾಡಿದೆ. ಮೆಕ್ಕೆಜೋಳದ ಗರಿಗಳ ಮೇಲಿನ ಬೆಳಕು ಅವತ್ತು ಸ್ವಲ್ಪಮಟ್ಟಿಗೆ ಕೈಗೆ ಸಿಕ್ಕಿತು. ಬಣ್ಣ ಆರದ ಕ್ಯಾನ್‌ವಾಸನ್ನು ಯಾರಿಗೂ ತಾಗದ ಹಾಗೆ ಎತ್ತಿ ಹಿಡಿದುಕೊಂಡು ಹರಪನಹಳ್ಳಿ ಬಸ್ಸು ಹತ್ತಿದೆ.